ಹೊಲಿಗೆಗೆ ಬಿಟ್ಟ ಐದು

ಝಲ್.

ಕಲ್ಲುಬೆಂಚಿನ ಅಡಿಗೆ ಕೈ ಹಾಕಿ ಡಬ್ಬಿಯನ್ನು ಅಲುಗಾಡಿಸಿದರೆ ಒಳಗಿನ ಗುಂಡಿಗಳು ಹಾಗೆ ಸದ್ದು ಮಾಡುತ್ತವೆ. ಕಾಜಕ್ಕ ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಆ ಸದ್ದನ್ನು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಮುಚ್ಚಳ ತೆಗೆದು, ಗುಂಡಿಗಳ ಮೇಲಿಟ್ಟ ಪುಟ್ಟ ಪುಸ್ತಕವನ್ನು ಬಿಡಿಸಿ ನೋಡುತ್ತಾಳೆ. ನಲವತ್ತೊಂದನೆಯ ದಿನವೂ ಅದರಲ್ಲಿ ಬೇರೆಯವರು ಬರೆದ ಒಂದಕ್ಷರ ಇರಲಿಲ್ಲ.

ಕಾಜಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳು ಹೊಲಿದ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಬಟ್ಟೆ ಹರಿದರೂ ಹರಿಯುವುದಿಲ್ಲವೆಂದು ಹೆಸರುವಾಸಿ. ವಯಸ್ಸು ಐವತ್ತೆರಡು. ಹೊಲಿಗೆಗೆ ಬಂದ ಬಟ್ಟೆಯ ಜೇಬುಗಳನ್ನು ಮೊದಲು ತಡಕಬೇಕೆಂಬುದು ಅಮ್ಮ ಕಲಿಸಿದ ಶಿಸ್ತು. ಹಾಗೆ ತಡಕುವಾಗ ಕಳೆದ ವರ್ಷ ಒಬ್ಬ ಮೇಷ್ಟರ ಕೋಟಿನಲ್ಲಿ ಬರೀ ಅಂಕಿಗಳಿದ್ದ ಚೀಟಿಯೊಂದು ಸಿಕ್ಕಿತ್ತು.

“ಇದೇನು ಮೇಷ್ಟ್ರೇ, ಲಾಟರಿನಾ?”

“ಅಲ್ಲಮ್ಮಾ, ಜಾಗ. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದಿರೋ ಜಾಗದ ಅಂಕಿಗಳನ್ನ ಇಂಟರ್ನೆಟ್ಟಿನ ಪಟ್ಟೀಲಿ ಹಾಕ್ತಾರೆ. ನಾವು ಹುಡುಕ್ಕೊಂಡು ಹೋಗಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿ ಅಲ್ಲೇ ಇಟ್ಟು ಬರ್ತೀವಿ.”

“ಯಾಕೆ?”

“ಸುಮ್ನೆ.”

ಆ ‘ಸುಮ್ನೆ’ ಅವಳ ಬೆನ್ನು ಬಿಡಲಿಲ್ಲ. ಹೊಲಿಗೆಯ ಮೂವತ್ತು ವರ್ಷಗಳಲ್ಲಿ ತಾನು ಸುಮ್ಮನೆ ಮಾಡಿದ ಕೆಲಸ ಯಾವುದೆಂದು ಯೋಚಿಸಿದಳು. ಒಂದೂ ನೆನಪಾಗಲಿಲ್ಲ.

ತಾನೂ ಡಬ್ಬಿ ಹುಡುಕಬೇಕೆಂದು ಹೋದವಳ ಮುಂದೆ ಹಳೆ ಸಾಮಾನಿನ ಅಂಗಡಿಯವನು ಜಾಗ ತೋರಿಸುವ ಎರಡು ಜಿಪಿಎಸ್ ಯಂತ್ರಗಳನ್ನಿಟ್ಟ. ಒಂದು ಬಣ್ಣದ ಪರದೆಯದು, ಮುಟ್ಟಿದರೆ ಸಾಕು. ಇನ್ನೊಂದು ಸೋಪಿನ ಬಿಲ್ಲೆಯಂಥದು, ಪಕ್ಕದಲ್ಲಿ ಒತ್ತುವ ಬಟನ್ನುಗಳು, ಬೆನ್ನಲ್ಲಿ ಎರಡು ಪೆನ್ಸಿಲ್ ಸೆಲ್ಲು.

“ಮೊಬೈಲೇ ಸಾಕಲ್ವೇನಪ್ಪಾ?”

“ಸಾಕು. ಆದ್ರೆ ಕೈಜಾರಿ ಬಿದ್ರೆ ನೀವು ಅಳ್ತೀರಿ. ಈ ಬಟನ್ನಿಂದು ಬಿದ್ರೆ ನೆಲ ಅಳುತ್ತೆ.”

ಸೂಜಿ ಒತ್ತಲು ಹಾಕುವ ಲೋಹದ ಟೋಪಿ ಅವಳ ಬೆರಳಲ್ಲೇ ಇತ್ತು. ಅದರಿಂದ ಬಣ್ಣದ ಪರದೆಯನ್ನು ಮುಟ್ಟಿದಳು. ಪರದೆ ತಿರುಗಿಯೂ ನೋಡಲಿಲ್ಲ. ಇನ್ನೊಂದರ ಬಟನ್ನು ಒತ್ತಿದಳು. ಟಕ್ ಎಂದಿತು.

“ನನ್ನ ಬೆರಳಿನ ಗುರುತು ಸಿಗದಿರೋ ಯಂತ್ರ ನನಗ್ಯಾಕೆ? ಇದನ್ನೇ ಕೊಡು.”

ಅವನು ಬಳಸುವ ಬಗೆಯನ್ನೂ ಹೇಳಿಕೊಟ್ಟ. ಆಕಾಶ ಕಾಣುವ ಕಡೆ ನಿಲ್ಲಬೇಕು, ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿಯಬೇಕು, ಅದು ಉಪಗ್ರಹಗಳನ್ನು ಕೂಡಿಸಿಕೊಳ್ಳುವ ತನಕ ಕಾಯಬೇಕು. ಎತ್ತರದ ಕಟ್ಟಡಗಳ ನಡುವೆ ಬಾಣದ ಗುರುತು ಚಡಪಡಿಸುತ್ತದೆ, ಆಗ ಅದರ ಮಾತು ನಂಬಬಾರದು. “ಎಷ್ಟೇ ಒಳ್ಳೇದಾದ್ರೂ ಐದು ಮೀಟರ್ ಹೆಚ್ಚುಕಮ್ಮಿ ಆಗುತ್ತಮ್ಮಾ. ಕೊನೇ ಹತ್ತು ಹೆಜ್ಜೆ ಯಂತ್ರ ಜೇಬಿಗೆ ಹಾಕಿ, ಕಣ್ಣು ಉಪಯೋಗಿಸಿ.”

ಎಂಟು ತಿಂಗಳಲ್ಲಿ ಅವಳು ಹತ್ತೊಂಬತ್ತು ಡಬ್ಬಿ ಕಂಡುಹಿಡಿದಳು. ಸೇತುವೆಯ ಕಂಬಿಯಡಿ ಅಯಸ್ಕಾಂತದಿಂದ ಅಂಟಿಸಿದ್ದು, ನಕಲಿ ಬೋಲ್ಟಿನ ಹೊಟ್ಟೆಯೊಳಗೆ ಸುರುಳಿ ಸುತ್ತಿದ್ದು. ದಿನವೂ ಓಡಾಡಿದ ಬೀದಿಗೆ ಇಷ್ಟೊಂದು ಜೇಬುಗಳಿದ್ದವೇ ಎಂದು ಬೆರಗಾದಳು.

ಇಪ್ಪತ್ತನೆಯದನ್ನು ತಾನೇ ಬಚ್ಚಿಡಬೇಕೆನಿಸಿತು. ಅಟ್ಟಣಿಗೆಯ ಮೇಲೆ ಅಮ್ಮನ ಗುಂಡಿ ಡಬ್ಬಿ ಇತ್ತು. ಯಾರ ಬಟ್ಟೆಯಲ್ಲಿ ಮಿಕ್ಕ ಗುಂಡಿಯನ್ನೂ ಅಮ್ಮ ಎಸೆದವಳಲ್ಲ. ಒಂದು ದಿನ ಯಾರಿಗಾದರೂ ಬೇಕಾದೀತು ಎನ್ನುತ್ತಿದ್ದಳು. ಅಮ್ಮ ಹೋಗಿ ಎರಡು ವರ್ಷ. ಅಲ್ಲಿಂದೀಚೆಗೆ ಆ ಮುಚ್ಚಳ ತೆರೆದಿರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಕಾಜಕ್ಕ ಬರೆದಳು: ‘ಒಂದು ಗುಂಡಿ ತೊಗೊಳ್ಳಿ, ಒಂದು ಗುಂಡಿ ಹಾಕಿ.’ ತನ್ನ ಅಂಗಡಿಯ ಹಿಂದಿನ ಕಿಟಕಿಗೆ ಕಾಣುವಂತೆ, ಗ್ರಂಥಾಲಯದ ಹಿತ್ತಲಿನ ಬೆಂಚಿನಡಿ ಡಬ್ಬಿ ಇಟ್ಟು, ಆ ಜಾಗದ ಅಂಕಿಗಳನ್ನು ಪಟ್ಟಿಗೆ ಸೇರಿಸಿದಳು. ಅಮ್ಮನ ಗುಂಡಿ ಯಾರದಾದರೂ ಅಂಗಿಗೆ ಸೇರಬೇಕು, ಅವಳಿಗೆ ಬೇಕಿದ್ದುದು ಅಷ್ಟೆ.

ಆರು ಜನ ಹುಡುಕಿ, ‘ಸಿಗಲಿಲ್ಲ’ ಎಂದು ಪಟ್ಟಿಯಲ್ಲಿ ಬರೆದಿದ್ದರು. ಈ ಬೆಳಿಗ್ಗೆ ಪಟ್ಟಿ ನೋಡಿಕೊಳ್ಳುವವರ ಸಂದೇಶ ಬಂದಿತ್ತು. ಸಂಜೆ ಐದರೊಳಗೆ ಅಂಕಿಗಳನ್ನು ಸರಿಪಡಿಸದಿದ್ದರೆ ಡಬ್ಬಿಯನ್ನು ಪಟ್ಟಿಯಿಂದ ತೆಗೆಯುತ್ತಾರಂತೆ. ತೆಗೆದರೆ ಇನ್ನು ಹುಡುಕಿಕೊಂಡು ಬರುವವರು ಯಾರು?

ಗ್ರಂಥಾಲಯದಲ್ಲಿ ಕೆಲಸ ಮಾಡುವ ತಂಗಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದಳು.

“ನಿನ್ನ ಯಂತ್ರಕ್ಕೆ ಅರಳುಮರಳು ಕಣಕ್ಕಾ. ನಿನ್ನೇನೂ ಇಬ್ಬರು ಕಾಂಪೌಂಡ್ ಗೋಡೆ ಆಚೆ, ನೀರಿನ ಟ್ಯಾಂಕ್ ಸುತ್ತ ಗಾಣದೆತ್ತಿನ ಹಾಗೆ ಸುತ್ತುತಾ ಇದ್ರು.”

“ಯಂತ್ರಕ್ಕೆ ಏನೂ ಆಗಿಲ್ಲ. ಐದು ದಿನ, ಐದು ಸಲ ಅಳೆದು ಸರಾಸರಿ ತೆಗೆದಿದೀನಿ.”

“ಹಾಗಾದ್ರೆ ಬಾ, ಆರನೇ ಸಲ ಅಳೆ.”

ಇಬ್ಬರೂ ಬೆಂಚಿನ ಪಕ್ಕ ನಿಂತರು. ಯಂತ್ರ ನಿಧಾನವಾಗಿ ತನ್ನ ಅಂಕಿ ಹೇಳಿತು. ಅಕ್ಷಾಂಶ, ರೇಖಾಂಶದ ಎರಡು ಸಾಲುಗಳ ಕೊನೆಯಲ್ಲಿ 412 ಮತ್ತು 630. ಕಾಜಕ್ಕ ಅಳತೆ ಪುಸ್ತಕ ತೆರೆದಳು. ಅಲ್ಲೂ ಅವೇ ಇದ್ದವು.

“ನೋಡಿದ್ಯಾ?” ಎಂದಳು, ಗೆದ್ದವಳಂತೆ.

ತಂಗಿ ಮೊಬೈಲಿನಲ್ಲಿ ಪಟ್ಟಿ ತೆಗೆದಳು. “417, 635. ಇದೇನೇ, ಎರಡರಲ್ಲೂ ಐದು ಜಾಸ್ತಿ?”

“ಬಿಟ್ಟಿದೀನಿ.”

“ಏನು ಬಿಟ್ಟೆ?”

“ಹೊಲಿಗೆಗೆ.”

ತಂಗಿ ಪಟ್ಟಿಯ ಅಂಕಿಗಳನ್ನು ಮತ್ತೊಮ್ಮೆ ಓದಿದಳು.

“ಯಂತ್ರ ಮಾರಿದವನೇ ಹೇಳಿದ್ನಲ್ಲ, ಐದು ಹೆಚ್ಚುಕಮ್ಮಿ ಆಗುತ್ತೆ ಅಂತ. ಬಟ್ಟೆ ಕಮ್ಮಿಯಾದ್ರೆ ಏನೂ ಮಾಡೋಕಾಗಲ್ಲ. ಹೆಚ್ಚಿದ್ರೆ ಒಳಗೆ ಮಡಿಸ್ಕೋಬಹುದು.”

“ಅಯ್ಯೋ ಅಕ್ಕಾ! ಊರನ್ನೇ ಸಡಿಲ ಹೊಲಿದುಬಿಟ್ಟಿದೀಯಲ್ಲೇ!” ತಂಗಿ ನಗುತ್ತ ಬೆಂಚಿನ ಮೇಲೆ ಕುಸಿದಳು. “ಈ ಕೊನೇ ಅಂಕಿ ಒಂದು ಏರಿದ್ರೆ ನೆಲದ ಮೇಲೆ ಎರಡು ಮೂರು ಹೆಜ್ಜೆ. ಐದೂ ಐದೂ ಸೇರಿಸಿ ಜನಾನ ಗೋಡೆ ಆಚೆ ಕಳಿಸಿದೀಯ!”

ಕಾಜಕ್ಕ ನಗಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತಳು. ಆಮೇಲೆ ಮೊಬೈಲು ಕಸಿದುಕೊಂಡು, ಒಂದೊಂದೇ ಅಂಕಿಯನ್ನು ಹೊಲಿಗೆ ಬಿಚ್ಚಿದಂತೆ ಬಿಚ್ಚಿ ತಿದ್ದಿದಳು. ಐದಕ್ಕಿನ್ನೂ ಮೂರು ಗಂಟೆಯಿತ್ತು.

ನಾಲ್ಕನೆಯ ದಿನ ತಂಗಿ ಹೊಸ ಅಂಗಿ ತೊಟ್ಟು, ತೋಳು ಚಾಚಿ ಅಂಗಡಿಯಲ್ಲಿ ನಿಂತಿದ್ದಳು.

“ತೋಳು ಬಿಗಿ ಆಯ್ತು. ಒಂಚೂರು ಬಿಡಬಾರದಾ?”

“ಬಿಡೋ ಮಾತು ಎತ್ತಬೇಡ.” ಕಾಜಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಂದಳು.

ಕಿಟಕಿಯಾಚೆ, ಸೈಕಲ್ ಹೆಲ್ಮೆಟ್ ತೊಟ್ಟ ಹೆಂಗಸೊಬ್ಬಳು ಅಂಗೈ ನೋಡಿಕೊಳ್ಳುತ್ತ ಹಿತ್ತಲಿಗೆ ಬಂದಳು. ಬೆಂಚು ಹತ್ತು ಹೆಜ್ಜೆಯಿದೆ ಎನ್ನುವಾಗ ನಿಂತಳು. ಕೈಲಿದ್ದುದನ್ನು ಜೇಬಿಗೆ ಹಾಕಿದಳು. ಕತ್ತೆತ್ತಿ ಸುತ್ತ ನೋಡತೊಡಗಿದಳು.

ಬಚ್ಚಿಟ್ಟವರು ಸುಳಿವು ಕೊಡಬಾರದು. ಕಾಜಕ್ಕ ಸೂಜಿಗಳನ್ನು ಇನ್ನಷ್ಟು ಬಲವಾಗಿ ಕಚ್ಚಿದಳು.

“ಬೆನ್ನಿಗೆ ಬೇಕಾದ್ರೆ ಮಡಿಕೆ ಹಾಕು, ಆದ್ರೆ ತೋಳಿಗೆ...”

ಝಲ್.

ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಬರೆಯಲು ಬೇಕಾಗುವಷ್ಟು ಹೊತ್ತು. ಹೆಂಗಸು ಎದ್ದು, ಮುಷ್ಟಿಯಲ್ಲಿ ಏನನ್ನೋ ಹಿಡಿದು, ಗೇಟು ದಾಟಿ ಹೋದಳು.

“...ತೋಳಿಗೆ ಅರ್ಧ ಇಂಚಾದ್ರೂ... ಅಕ್ಕಾ, ಸೂಜಿ ಚುಚ್ತಿದೆ ಕಣೇ! ಇದನ್ನ ತೆಗೆದು ಹೋಗು! ಅಕ್ಕಾ?”

ಕೊರಳಲ್ಲಿ ಅಳತೆ ಟೇಪು ತೂಗಾಡಿಸಿಕೊಂಡು ಕಾಜಕ್ಕ ಆಗಲೇ ಹಿಂಬಾಗಿಲ ಮೆಟ್ಟಿಲು ಇಳಿದಿದ್ದಳು.