ದೀನದಯಾಳನ್ ಕಂಡ ತಣ್ಣನೆಯ ಚುಕ್ಕಿ

ಧಾರಾಪುರಂನ ಆ ಬೀದಿಯಲ್ಲಿ ದೀನದಯಾಳನ್ ಎಂದು ಕೇಳಿದರೆ ಯಾರಿಗೂ ಗೊತ್ತಾಗದು. ‘ಕ್ಯಾಮೆರಾದವರು’ ಎಂದರೆ ಮನೆ ತೋರಿಸುತ್ತಾರೆ. ಹೊಸಬರು ಮದುವೆಯ ಫೋಟೊ ತೆಗೆಯುವವನೆಂದು ತಿಳಿದು ಮುಹೂರ್ತದ ದಿನ ಬರ್ತೀರಾ ಎಂದು ಕೇಳುವುದೂ ಉಂಟು. ಅವನ ಕ್ಯಾಮೆರಾ ಮುಖ ತೆಗೆಯುವುದಲ್ಲ, ಬಿಸಿ ತೆಗೆಯುವುದು. ನೂಲಿನ ಮಿಲ್ಲು, ಬಣ್ಣದ ಕಾರ್ಖಾನೆ, ಗಾಳಿಯಂತ್ರ ಹೀಗೆ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಿ ಕರೆಂಟಿನ ಪ್ಯಾನೆಲ್ ಬಾಗಿಲು ತೆಗೆಸಿ ಕ್ಯಾಮೆರಾ ಹಿಡಿಯುತ್ತಾನೆ. ಎಲ್ಲೋ ಒಂದು ನಟ್ಟು ಸಡಿಲಾಗಿ ಒಳಗೊಳಗೇ ಕಾಯುತ್ತಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ. ಬೆಂಕಿ ಹತ್ತುವ ಮೊದಲೇ ಬಿಗಿ ಮಾಡಿಸಿ ಬರುವುದು ಅವನ ಕೆಲಸ.

ಅಪ್ಪ ಮಗ್ಗದವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮದುವೆಯಾಗಿ ಬಂದ ಉಡುಮಲೈಪೇಟೆಯ ಕಾರ್ತಿಕಾಳ ಮನೆಯಲ್ಲೂ ಹಾಗೇ. ಆ ಕ್ಯಾಮೆರಾ ಕೊಂಡ ದಿನ ಅವಳು ಗೋಡೆಗೆ ಅಂಗೈ ಒತ್ತಿ ತೆಗೆದಳು. ಕೈ ಅಲ್ಲಿಲ್ಲದಿದ್ದರೂ ಪರದೆಯಲ್ಲಿ ಐದು ಬೆರಳೂ ಮೂಡಿಕೊಂಡೇ ಇದ್ದವು, ಮೆಲ್ಲಗೆ ಮಾಸಿದವು. “ಅಯ್ಯೋ, ದೆವ್ವದ ಕೈ!” ಎಂದು ನಕ್ಕು, ಮತ್ತೆ ಮತ್ತೆ ಒತ್ತಿದಳು. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು.

ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಆಮೇಲೆ ಆ ಮನೆಯಲ್ಲಿ ಕನ್ನಡವೂ ನಿಂತುಹೋಯಿತು. ಹೊರಗೆ ದಿನವಿಡೀ ತಮಿಳಿನಲ್ಲಿ ಮಾತಾಡಿ ಬಂದು ಚಿಲಕ ಹಾಕಿಕೊಂಡರೆ, ಬಾಯಿಗೆ ಕೆಲಸವೇ ಇಲ್ಲ. ಉಡುಮಲೈಪೇಟೆಯಿಂದ ಅತ್ತೆ ಜಾನಕಿಯಮ್ಮ ಒಂದೆರಡು ಸಲ ಫೋನು ಮಾಡಿದರು. ಅವರ ದನಿ ಥೇಟ್ ಮಗಳದೇ. “ಊಟ ಆಯ್ತಾ?” ಎಂದದ್ದೇ ತಡ, ಅವನು ಏನೋ ನೆಪ ಹೇಳಿ ಇಟ್ಟುಬಿಟ್ಟ. ಮುಂದೆ ಆ ಕರೆಗಳೂ ಬರುವುದು ನಿಂತಿತು. ತಿಥಿಯ ದಿನಕ್ಕೂ ಅವನು ಆ ಊರಿಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಕ್ಯಾಮೆರಾದ ಲೆನ್ಸು ಒರೆಸುವ ಬಗೆ ತಿಳಿಯಲು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದಾಗ ಆಕಾಶದ ಚಿತ್ರವೊಂದು ಕಣ್ಣಿಗೆ ಬಿತ್ತು. ತನ್ನ ಕ್ಯಾಮೆರಾ ಪ್ಯಾನೆಲ್ಲಿನ ಬಿಸಿ ನೋಡುವಂತೆ, ಭೂಮಿಯನ್ನು ಸುತ್ತುವ ದೂರದರ್ಶಕವೊಂದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಇಡೀ ಆಕಾಶದ ಬಿಸಿಯನ್ನೇ ಚಿತ್ರ ತೆಗೆದಿತ್ತು. ಅದೇ ಜಾಗಗಳನ್ನು ವರ್ಷಗಟ್ಟಲೆ, ಮತ್ತೆ ಮತ್ತೆ. ಚಿತ್ರಗಳು ಲೆಕ್ಕವಿಲ್ಲದಷ್ಟು. ವಿಜ್ಞಾನಿಗಳು ಜನರನ್ನೇ ಕರೆದಿದ್ದರು: ಒಂದೇ ಜಾಗದ ಹಳೆಯ ಹೊಸ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ, ನೋಡುತ್ತಾ ಕೂರಿ, ಯಾವುದಾದರೂ ಚುಕ್ಕಿ ಜಾಗ ಬಿಟ್ಟು ಸರಿದಿದ್ದರೆ ಗುರುತು ಹಾಕಿ. ದೂರದ ನಕ್ಷತ್ರ ಕದಲಿದಂತೆ ಕಾಣುವುದಿಲ್ಲ; ಸರಿಯಿತೆಂದರೆ ನಮಗೆ ಹತ್ತಿರದ್ದು. ಅಂಥವುಗಳಲ್ಲಿ ಕಂದು ಕುಬ್ಜಗಳೂ ಇರಬಹುದು. ನಕ್ಷತ್ರವಾಗಲು ಹೊರಟು, ಹೊತ್ತಿ ಉರಿಯುವಷ್ಟು ದ್ರವ್ಯರಾಶಿ ಸಾಲದೆ, ಹುಟ್ಟಿನ ಬಿಸಿಯನ್ನೇ ಕಳೆದುಕೊಳ್ಳುತ್ತಾ ಕತ್ತಲಲ್ಲಿ ಉಳಿದವು.

ಸುಮ್ಮನೆ ನೋಡಿದ. ಮರುದಿನ ಮತ್ತೆ ನೋಡಿದ. ಮಿಲ್ಲಿಗೆ ಹೋಗುವುದಿಲ್ಲದ ಮಧ್ಯಾಹ್ನಗಳೆಲ್ಲ ಅದಕ್ಕೇ ಆದವು. ಮೊದಮೊದಲು ಅವನು ಹಾಕಿದ ಗುರುತುಗಳೆಲ್ಲ ಪ್ರಕಾಶಮಾನ ನಕ್ಷತ್ರಗಳು ದೂರದರ್ಶಕದೊಳಗೆ ಬಿಟ್ಟ ಸುಳ್ಳು ಬಿಂಬಗಳು. ಆಮೇಲೆ ಸಿಕ್ಕ ನಿಜವಾದ ಒಂದು ಚುಕ್ಕಿಯನ್ನು ಯಾರೋ ಎಂದೋ ಕಂಡುಹಿಡಿದು ಪಟ್ಟಿಗೆ ಸೇರಿಸಿದ್ದರು. ಬೇಸರವಾಗಲಿಲ್ಲ. ನೋಡುತ್ತಾ ನೋಡುತ್ತಾ ಅವನು ಪರದೆಯೊಡನೆ ಕನ್ನಡದಲ್ಲಿ ಮಾತಾಡತೊಡಗಿದ್ದ. “ನೀನು ಅಲ್ಲ, ನೀನು ಪೊಯ್ಯಿ, ಬರೀ ಸುಳ್ಳು. ನೀನೂ ಅಲ್ಲ, ಕೂತ್ಕೊ.” ತನ್ನ ದನಿ ತನಗೇ ಕೇಳಿಸಿ ಒಂದೊಂದು ಸಲ ಸಂಕೋಚವಾಗುತ್ತಿತ್ತು.

ಹೀಗೆ ನೋಡತೊಡಗಿದ ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಂಕು ಚುಕ್ಕಿ ಸರಿಯಿತು. ಕಿತ್ತಳೆ ಬಣ್ಣದ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಮೊದಲ ಚಿತ್ರದಿಂದ ಕೊನೆಯ ಚಿತ್ರದ ತನಕ ಒಂದೇ ದಿಕ್ಕಿಗೆ, ಅಳುಕದೆ. ಯಾವ ಪಟ್ಟಿಯಲ್ಲೂ ಇರಲಿಲ್ಲ. ಗುರುತು ಹಾಕಿ ಕಳಿಸಿದ. ಬಹಳ ಕಾಲ ಸುದ್ದಿಯಿಲ್ಲ. ಕೊನೆಗೆ ಒಂದು ದಿನ, ಬಣ್ಣದ ಕಾರ್ಖಾನೆಯ ಬಾಯ್ಲರಿನ ಪಕ್ಕದಲ್ಲಿ ಬೆವರು ಸುರಿಸುತ್ತ ನಿಂತಿದ್ದಾಗ ಇಮೇಲ್ ಬಂತು. ದೊಡ್ಡ ದೂರದರ್ಶಕದಲ್ಲಿ ನೋಡಿ ಖಾತ್ರಿ ಮಾಡಿದ್ದರು: ಕಂದು ಕುಬ್ಜವೇ. ನಲವತ್ತು ಜ್ಯೋತಿರ್ವರ್ಷ ದೂರ. ಬಿಸಿ ಹೆಚ್ಚೂಕಡಿಮೆ ಕುದಿಯುವ ನೀರಿನಷ್ಟು. ಬೇರೆ ದೇಶದ ಇಬ್ಬರು ಕೂಡ ಅದನ್ನೇ ಗುರುತಿಸಿದ್ದರು. ವಿಜ್ಞಾನಿಗಳು ಬರೆಯುವ ಪ್ರಬಂಧದಲ್ಲಿ ಮೂವರ ಹೆಸರೂ ಬರುತ್ತದೆ.

ಅವನು ತಲೆಯೆತ್ತಿ ಎದುರಿನ ಹಬೆಯ ಪೈಪು ನೋಡಿದ. ಅದು ಆ ಚುಕ್ಕಿಗಿಂತ ಬಿಸಿ! ನಗು ಬಂತು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಬಾಯ್ಲರ್ ನೋಡಿಕೊಳ್ಳುವ ಮುತ್ತುಸಾಮಿಗೆ ತಮಿಳಿನಲ್ಲಿ ಹೇಳಿದ. “ರೊಂಬ ಸಂತೋಷಂ, ಸಾರ್,” ಎಂದು ಅವನು ವಾಲ್ವ್ ತಿರುಗಿಸಲು ಹೋದ. ಸುದ್ದಿ ಹೇಳಿ ಮುಗಿದಿತ್ತು, ಆದರೂ ಹೇಳಿದಂತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಉಡುಮಲೈಪೇಟೆಯ ಬಸ್ಸು ಹತ್ತಿದ. ಹೋಗಿ ಅತ್ತೆಯ ಮನೆಯ ಬಾಗಿಲು ತಟ್ಟಿದ.

“ಯಾರದು?” ಅದೇ ದನಿ.

“ನಾನು, ಅತ್ತೆ. ದೀನ.”

“ಮಾಪ್ಳೆಯಾ?” ಅಳಿಯನನ್ನು ಅವರು ಕರೆಯುತ್ತಿದ್ದದ್ದು ಹಾಗೆ. “ಬನ್ನಿ, ಒಳಕ್ಕೆ ಬನ್ನಿ. ಏನಾಯ್ತು, ಮೈಗೆ ಸರಿಯಿಲ್ವಾ?”

“ಮೈ ಚೆನ್ನಾಗದೆ ಅತ್ತೆ. ಒಂದು ವಿಷಯ ಹೇಳಾಣ ಅಂತ ಬಂದೆ.”

ನೀರು ಕುಡಿದು ಎಲ್ಲ ಹೇಳಿದ. ಹೇಳಬೇಕಾದ ಎಷ್ಟೋ ಮಾತಿಗೆ ಅವನ ಮನೆಗನ್ನಡದಲ್ಲಿ ಪದವಿರಲಿಲ್ಲ. ಉರಿಯದ ನಕ್ಷತ್ರ ಎಂದ, ಆರಿದ ಕೆಂಡ ಎಂದ. ಜಾನಕಿಯಮ್ಮ ಹುಣಿಸೆಹಣ್ಣಿನ ನಾರು ಬಿಡಿಸುತ್ತಾ ಕೇಳಿದರು.

“ಅದರ ಜೊತೆಗೆ ಬೇರೆ ಯಾವುದೂ ಇಲ್ವಾ?”

“ಇಲ್ಲ ಅತ್ತೆ. ಒಂದೇ.”

“ಎಷ್ಟು ದೂರ ಅಂದ್ರಿ?”

“ಬೆಳಕು ಹೊರಟು ಬರೋಕೇ ನಲವತ್ತು ವರ್ಷ ಬೇಕು.”

ಅವರ ಕೈ ನಿಂತಿತು. “ಅಷ್ಟು ದೂರ ಇರೋದನ್ನ ಹುಡುಕೋಕೆ ಆಯ್ತು ನಿಮಗೆ. ಧಾರಾಪುರದಿಂದ ಇಲ್ಲಿಗೆ ಬರೋಕೆ ಒಂದು ಬಸ್ಸು ಸಿಕ್ಕಲಿಲ್ವಾ, ಮಾಪ್ಳೆ?”

ದೀನದಯಾಳನ್ ತಲೆ ತಗ್ಗಿಸಿದ. ಇದ್ದದ್ದನ್ನೇ ಹೇಳಿದ. “ನಿಮ್ಮ ದನಿ ಕೇಳೋಕಾಗ್ಲಿಲ್ಲ ಅತ್ತೆ. ಅವಳದೇ ದನಿ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು. “ಆಮಾ, ಹೌದು, ದನಿ ನಂದೇ,” ಎಂದರು. “ಆ ಬಾಯಿ ಮಾತ್ರ ಅವರಪ್ಪಂದು. ಮೂರು ವರ್ಷದವರೆಗೂ ಮಾತೇ ಬಂದಿರಲಿಲ್ಲ ಅವಳಿಗೆ, ಗೊತ್ತಾ? ಮೂಗಿ ಅಂತ ಅಂದುಕೊಂಡಿದ್ವಿ.”

ಗೊತ್ತಿರಲಿಲ್ಲ. ಕಾರ್ತಿಕಾ ಅದನ್ನು ಹೇಳಿರಲೇ ಇಲ್ಲ. ಅಂದು ಊಟ ಮುಗಿಯುವ ತನಕ ಅವನಿಗೆ ಗೊತ್ತಿರದ ಕಾರ್ತಿಕಾಳ ಕತೆಗಳು ಒಂದೊಂದಾಗಿ ಬಂದವು. ಕೇಳುವುದು ಕಷ್ಟವಾಗುತ್ತಿತ್ತು, ಎದ್ದು ಹೋಗಲೂ ಮನಸ್ಸಿರಲಿಲ್ಲ.

ಆಮೇಲೆ ಅವನು ತಿಂಗಳಿಗೊಂದು ಸಲ ಹೋಗಿಬರುವುದು ರೂಢಿಯಾಯಿತು. ಒಮ್ಮೆ ಅವರೇ “ಅದೇನು ಕಂಡಿದ್ದು, ತೋರಿಸಿ” ಎಂದಾಗ ಲ್ಯಾಪ್‌ಟಾಪು ಒಯ್ದ. ಜಾನಕಿಯಮ್ಮ ಕನ್ನಡಕ ಏರಿಸಿ ಮೂಗು ತಗಲುವಷ್ಟು ಹತ್ತಿರ ಬಾಗಿದರು.

“ಇದಾ?”

“ಅಲ್ಲ ಅತ್ತೆ, ಅದು ಬೇರೆ ನಕ್ಷತ್ರ. ಇದು, ಇಲ್ಲಿ, ಮಂಕಾಗಿ ಸರೀತದಲ್ಲ.”

ಬಹಳ ಹೊತ್ತು ನೋಡಿದರು. “ನಂಗೆ ಆ ದೊಡ್ಡದೇ ಚೆನ್ನಾಗದೆ, ಕಣ್ಣು,” ಎಂದರು, ಮಗುವನ್ನು ಮುದ್ದಿಗೆ ಕರೆಯುವಂತೆ.

ಕಾರ್ತಿಕಾ ಹೋದ ಮೇಲೆ ಆ ಮನೆಯಲ್ಲಿ ಅವನು ನಕ್ಕದ್ದು ಅದೇ ಮೊದಲು.

ಸಂಜೆಯ ಬಸ್ಸಿನಲ್ಲಿ, ಅವರು ತುಂಬಿಕೊಟ್ಟ ಪುಳಿಯೋಗರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಧಾರಾಪುರಂಗೆ ಬಂದ. ಬೀಗ ತೆಗೆದ. ‘ಬಂದ್ರಾ?’ ಎನ್ನುವವರು ಯಾರೂ ಇಲ್ಲದ ಮನೆ, ಅದು ಬದಲಾಗುವಂಥದ್ದಲ್ಲ. ಊಟ ಮಾಡಿ, ಡಬ್ಬಿ ತೊಳೆದು ಬೋರಲು ಹಾಕಿ, ನಾಳೆಯ ಮಿಲ್ಲಿನ ಕೆಲಸಕ್ಕೆಂದು ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿದ.