ಗುದ್ದಿದ ಉಳ್ಳಾಗಡ್ಡಿ

ವಿದ್ಯಾರ್ಥಿಯಾಗಿದ್ದಾಗ ತಮ್ಮ ಹೊಟ್ಟೆ ತುಂಬಿಸಿದ ಲಾಸ್ ಏಂಜಲೀಸಿನ ‘ಕರಿ ಹೌಸು’ಗಳೆಂಬ ಭಾರತೀಯ ಹೋಟೆಲುಗಳಲ್ಲಿ ಆ ರುಚಿ ಇನ್ನೂ ಉಳಿದಿದೆಯೇ ಎಂದು ನೋಡಲು, 1984ರ ಒಂದು ಭಾನುವಾರ ಅಲ್ಲಿಂದ ಎರಡು ತಾಸು ದೂರದ ಪೊವೇ ಊರಿನ ಎಂಜಿನಿಯರ್ ಸಂಗನಬಸಪ್ಪ ಹೆಂಡತಿ ಪ್ರೇಮವ್ವನೊಡನೆ ಕಾರು ಹತ್ತಿದರು.

ಮೊದಲು ಹೋದ ಕಡೆ ಬೇಳೆಸಾರಿಗೆ ಸಕ್ಕರೆ ಸುರಿದಿದ್ದರು. ಆಮೇಲೆ ನಾರ್ತ್‌ರಿಜ್ ಬಡಾವಣೆಯಲ್ಲಿ ಪಂಜಾಬಿ ಅಜ್ಜಿಯೊಬ್ಬಳು ನಡೆಸುತ್ತಿದ್ದ ಹೋಟೆಲಿನಲ್ಲಿ ಬಟಾಟೆ ಪಲ್ಯಕ್ಕೆ ಉಪ್ಪೇ ಇರಲಿಲ್ಲ.

"ಇದಕ್ಕ ಇಷ್ಟು ದೂರ ಬಂದ್ವೇನ್ರೀ?" ಎಂದರು ಪ್ರೇಮವ್ವ.

"ನಾಲಿಗಿ ಸತ್ತೋರು ಮಾಡಿದ ಅಡಗಿ!" ಎಂದು ಸಂಗನಬಸಪ್ಪ ಸಿಡುಕುತ್ತಿದ್ದಾಗಲೇ ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಳು. ಅವರ ಮುಖವನ್ನು ದಿಟ್ಟಿಸಿ ನೋಡಿ, ಮತ್ತೆ ಒಳಗೆ ಹೋಗಿ, ತಟ್ಟೆಯ ಪಕ್ಕ ಒಂದು ಇಡೀ ಉಳ್ಳಾಗಡ್ಡಿ ತಂದಿಟ್ಟಳು. ಹಿಂದೆ ಆ ಮೇಜಿನ ಮೇಲೆ ದಿನಾ ಉಳ್ಳಾಗಡ್ಡಿ ಗುದ್ದಿ ತಿನ್ನುತ್ತಿದ್ದ ವಿದ್ಯಾರ್ಥಿ ಇವರೊಬ್ಬರೇ.

ಸಂಗನಬಸಪ್ಪ ಒಂದೇ ಗುದ್ದಿಗೆ ಅದನ್ನು ಒಡೆದರು. ಆಮೇಲೆ ಅದೇ ಸಪ್ಪೆ ಪಲ್ಯವನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡರು.