ಹಿರಿಯವನಿಗೆ ಅವಸರವಿಲ್ಲ

ಅವಳಿಗಳ ಊರೆಂದೇ ಹೆಸರಾದ ಇಗ್ಬೊ-ಓರಾದ ನಮ್ಮ ಓಣಿಯಲ್ಲಿ ಅವಳಿ ಹೆರದ ಹೆಂಗಸನ್ನು ಕಂಡರೆ ಅಯ್ಯೋ ಪಾಪ ಎನ್ನುವವರೇ ಎಲ್ಲ. ಹಾಗಿರುವಾಗ ಎದುರುಮನೆಯ ಮೊರೆನಿಕೆಯ ಹೊಟ್ಟೆ ಆರು ತಿಂಗಳಿಗೇ ತುಂಬುಬಸುರಿಯ ಗಾತ್ರಕ್ಕೆ ಬಂದರೆ ಅವಳ ಅತ್ತೆ ಅದುಣ್ಣಿಯನ್ನು ಹಿಡಿಯುವವರುಂಟೇ? ಮುದುಕಿ ಸ್ವತಃ ಎರಡು ಸಲ ಅವಳಿ ಹೆತ್ತವಳು. ಆ ಜಂಬ ಅವಳ ಜೊತೆ ಬಾವಿಕಟ್ಟೆಗೂ ಬರುತ್ತಿತ್ತು.

ಮೊರೆನಿಕೆ ಸಂತೆಯಲ್ಲಿ ಮರಗೆಣಸಿನ ಹಿಟ್ಟು ಮಾರುತ್ತಿದ್ದಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಹಿಂದಿನ ಬಸುರು ನಿಲ್ಲದೆ ಹೋಗಿದ್ದರಿಂದ ಈ ಸಲ ನಗುವಾಗಲೂ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ಕಾಲು, ಮುಖ ಊದಿಕೊಂಡಿದ್ದವು. ದವಾಖಾನೆಯ ನರ್ಸು ನನ್ನೆದುರಿಗೇ ಬಿಡಿಸಿ ಹೇಳಿದ್ದಳು: "ಎರಡನೇ ಕೂಸು ಅಡ್ಡ ಮಲಗಿದೆ. ಮನೇಲಿ ಹೆರಬೇಡ. ನೋವು ಬಂದ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗು."

"ನಾನು ನಾಲ್ಕು ಹೆತ್ತಿದ್ದು ಯಾವ ಆಸ್ಪತ್ರೇಲಿ?" ಎಂದಳು ಅದುಣ್ಣಿ. ಅಲ್ಲಿಗೆ ಆ ಮಾತು ಮುಗಿಯಿತು.

ದಿನ ತುಂಬುವ ಮೊದಲೇ ನೋವು ಬಂತು. ಗಂಡ ಲಾರಿ ತೆಗೆದುಕೊಂಡು ಇಬಾದಾನಿಗೆ ಹೋಗಿದ್ದ. ನಾನು ಅಲಸಂದೆ ವಡೆ ಕರಿಯುತ್ತಿದ್ದವಳು ಬಾಣಲೆ ಇಳಿಸಿ ಓಡುವಷ್ಟರಲ್ಲಿ ಮೊದಲನೆಯದು ಹುಟ್ಟಿತ್ತು. ಹಿಡಿಯಷ್ಟು ಹೆಣ್ಣುಕೂಸು, ಬೆಕ್ಕಿನ ಮರಿಯಂತೆ ಅಳುತ್ತಿತ್ತು. ಅವಳಿಯಲ್ಲಿ ಮೊದಲು ಹುಟ್ಟಿದ್ದಕ್ಕೆ ನಮ್ಮಲ್ಲಿ ತಾಯಿವೊ ಎಂದೇ ಹೆಸರು. ಎರಡನೆಯದು ಕೆಹಿಂದೆ, ನಮ್ಮ ಲೆಕ್ಕದಲ್ಲಿ ಅದೇ ಹಿರಿಯದು. ಲೋಕ ಹೇಗಿದೆ ನೋಡಿ ಬಾ ಎಂದು ಕಿರಿಯದನ್ನು ಮುಂದೆ ಕಳಿಸಿ ತಾನು ಹಿಂದೆ ಬರುತ್ತದೆ.

ಆ ಹಿರಿಯದು ಬರಲೇ ಇಲ್ಲ.

ಓಣಿಯ ಹೆಂಗಸರು ಚಪ್ಪಾಳೆ ತಟ್ಟಿ, ಅದನ್ನು ಹೊರಗೆ ಕರೆಯಲೆಂದು ಹೊಗಳಿ ಹಾಡತೊಡಗಿದರು. ಚಾಪೆ ಕೆಂಪಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. "ಅಮ್ಮಾ, ಹಾಡು ಸಾಕು, ಗಾಡಿ ತರಿಸೋಣ" ಎಂದೆ.

"ಹಿರಿಯವರು ಓಡಿ ಬರ್ತಾರೇನೇ?" ಎಂದಳು ಅದುಣ್ಣಿ. "ಹಿರಿಯವನಿಗೆ ಅವಸರ ಇಲ್ಲ, ನಿಧಾನಕ್ಕೆ ಬರ್ತಾನೆ. ನೀನು ವಡೆ ಕರಿಯೋಳು, ವಡೆ ಕರಿ ಹೋಗು."

"ಅವನು ಬರೋದರೊಳಗೆ ಇವಳು ಹೋಗ್ತಾಳೆ!"

"ನಾಲಗೆ ಬಿಗಿ ಹಿಡಿ. ಅಪಶಕುನ ನುಡೀಬೇಡ."

ಮೊರೆನಿಕೆ ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು. "ಡೋತುನ್‌ನ ಅವ್ವಾ, ಇಷ್ಟು ಹೊತ್ತು ಒದೀತಿದ್ದ. ಈಗ ಒದೀತಿಲ್ಲ. ನನ್ನ ಮಗನ್ನ ಉಳಿಸಿಕೊಡು."

ಆಮೇಲೆ ಹಿರಿತನ, ಮರ್ಯಾದೆ ಯಾವುದನ್ನೂ ನಾನು ನೋಡಲಿಲ್ಲ. ಬೀದಿಗೆ ಓಡಿ ಬಾಡಿಗೆ ಮೋಟರ್‌ಸೈಕಲ್ಲಿನವನ ಅಂಗಿ ಹಿಡಿದು ಎಳೆತಂದೆ. ಕೂಸನ್ನು ಹೆಂಗಸರ ಕೈಗೆ ಬಿಟ್ಟು, ಅವಳನ್ನು ನಡುವೆ ಕೂರಿಸಿ, ನಾನು ಸೊಂಟಕ್ಕೆ ಸುತ್ತಿದ್ದ ಮೇಲುಬಟ್ಟೆಯಿಂದ ನನಗೇ ಕಟ್ಟಿಕೊಂಡೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ಭುಜಕ್ಕೆ ಬಡಿಯುತ್ತಿತ್ತು. "ಸಾಯಬೇಡ್ವೇ, ಹಾಳಾದವಳೇ" ಎಂದು ಬೈಯುತ್ತಲೇ ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಗಂಡುಮಗು. ಅಳಲಿಲ್ಲ, ಉಸಿರೂ ಆಡಲಿಲ್ಲ. ನೆತ್ತರು ನಿಲ್ಲದೆ ಗರ್ಭಕೋಶವನ್ನೇ ತೆಗೆದರು. ಅವಳ ಜೀವ ಉಳಿಯಿತು. "ಇನ್ನೂ ಸ್ವಲ್ಪ ಬೇಗ ತಂದಿದ್ದರೆ ಉಳೀತಿತ್ತು" ಎಂದರು ಡಾಕ್ಟರು.

ಅವಳಿಯಲ್ಲಿ ಒಂದು ಹೋದರೆ ಅದರ ಹೆಸರಲ್ಲಿ ಮರದ ಗೊಂಬೆ ಕೆತ್ತಿಸಿ ಜೀವಂತ ಕೂಸಿನಂತೆಯೇ ಸಾಕುವುದು ಹಳಬರ ರೂಢಿ. ಅದುಣ್ಣಿ ಕೆತ್ತಿಸಿ ತಂದಳು. ಮೊರೆನಿಕೆ ಅದನ್ನು ಮೀಯಿಸಿದಳು, ಎಣ್ಣೆ ಹಚ್ಚಿದಳು, ಮಗಳ ಪಕ್ಕದಲ್ಲೇ ಮಲಗಿಸಿದಳು. ಅವಳ ನಗು ಮಾತ್ರ ಓಣಿಯಲ್ಲಿ ಮತ್ತೆ ಕೇಳಲಿಲ್ಲ. ಎದೆಹಾಲೂ ಸರಿಯಾಗಿ ಇಳಿಯಲಿಲ್ಲ. ತಾಯಿವೊ ಡಬ್ಬಿಹಾಲಿನ ಮೇಲೆ ಕಡ್ಡಿಯಂತೆ ಬೆಳೆಯಿತು.

ಒಂದು ಬೆಳಗ್ಗೆ ನಾನು ಅಲ್ಲಿದ್ದೆ. ತಾಯಿವೊ ಹಸಿದು ಕಿರುಚುತ್ತಿತ್ತು. ಅದುಣ್ಣಿ ಬೇಯಿಸಿದ ಅಲಸಂದೆಯ ಬಟ್ಟಲು ಹಿಡಿದು ಗೊಂಬೆಯ ಮುಂದೆ ಮಂಡಿಯೂರಿದಳು. "ಮೊದಲು ಹಿರಿಯವನಿಗೆ ಆಗಲಿ. ಆಮೇಲೆ ಅದಕ್ಕೆ ಹಾಲು ಕಾಯಿಸ್ತೀನಿ."

ಮೊರೆನಿಕೆ ಬಟ್ಟಲನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟಳು.

"ಮೊದಲು ಹಾಲು ಕಾಯಿಸಿ ಅತ್ತೆ. ಹಿರಿಯವನಿಗೆ ಅವಸರ ಇಲ್ಲ ಅಂತ ನೀವೇ ಹೇಳಿದ್ದಿರಲ್ಲ."

ಮುದುಕಿ ಮಂಡಿಯೂರಿದಲ್ಲೇ ಉಳಿದಳು. ಹಾಲು ಕಾಯಿಸಿದವಳು ನಾನು.